ಬುಧವಾರದ ಚೀಲ

ಬಾತ್ ಊರಿನ ಮೇಲಣ ಗುಡ್ಡಕ್ಕೆ ಟ್ಯಾಕ್ಸಿ ಹತ್ತುವುದಿಲ್ಲ.
ಸೇತುವೆ ಹತ್ತಿರ ಇಳಿದು, ದೀವಿಹಲಸಿನ ನೆರಳಲ್ಲಿ ಒಂದು ಗಳಿಗೆ ನಿಂತು,
ಮೊಣಕಾಲಿಗೆ ಸಮಾಧಾನ ಹೇಳಿ
ಹತ್ತುತ್ತೇನೆ. ಹೆಗಲಲ್ಲಿ ಚೀಲ.
ಚೀಲದೊಳಗೆ ಜಮೈಕಾ ಸರ್ಕಾರದ ಗುಟ್ಟೇನಿಲ್ಲ:
ಕಲ್ಲು ತುಂಬಿದ ಪ್ಲಾಸ್ಟಿಕ್ ಬಾಟಲಿ,
ದಾರಕ್ಕೆ ಪೋಣಿಸಿದ ಮುಚ್ಚಳಗಳು,
ಹಾಲಿನ ಡಬ್ಬಿ ಕತ್ತರಿಸಿ ಮಾಡಿದ ಬೆಕ್ಕು, ನಾಲ್ಕು ತುಂಡು,
ನನ್ನ ಹಳೆ ಲಂಗದ್ದೊಂದು ಬೊಂಬೆ.
ಮತ್ತೆ ಒಂದು ಫಾರಂ.

ಟಶಾಯ್‌ಗೆ ಹತ್ತೊಂಬತ್ತು. ಮಗ ಜೆವಾನ್‌ಗೆ ಎರಡು ತುಂಬಿ ನಾಲ್ಕು ತಿಂಗಳು.
ಮೊದಲ ಬುಧವಾರ ಬಾಗಿಲು ತೆರೆಯಲಿಲ್ಲ.
ಎರಡನೆಯದಕ್ಕೆ ಕಿಟಕಿ.
ಮೂರನೆಯದಕ್ಕೆ, "ಮಗು ಕಿತ್ತುಕೊಂಡು ಹೋಗುವವಳಾ ನೀನು?"
"ಇಲ್ಲಮ್ಮ, ಆಡಿ ಹೋಗುವವಳು" ಅಂದೆ.
ಅವಳು ನಕ್ಕಳೋ, ತಗಡಿನ ಮಾಡು ಬಿಸಿಲಿಗೆ ಸದ್ದು ಮಾಡಿತೋ,
ಒಳಗೆ ಬಿಟ್ಟಳು.

ಬಾಗಿಲ ಮೇಲೆ, ಯೇಸುವಿನ ಕ್ಯಾಲೆಂಡರಿನ ಪಕ್ಕ,
ಮೊಳೆಗೆ ತೂಗುಹಾಕಿದ ಹುಣಸೆ ಬರಲು.
ಇಸಿಲ್ಡಾ ಅಜ್ಜಿ ಹಾಸಿಗೆಯಿಂದಲೇ:
"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೇ ವರ್ಲೀನ್?
ನಿನ್ನನ್ನೂ ಹೀಗೇ ಬಗ್ಗಿಸಿದ್ದು."
ನಿಜ. ನಮ್ಮಮ್ಮ ರಾತ್ರಿಯೇ ಬರಲು ನೆನೆಹಾಕುತ್ತಿದ್ದಳು
ಮರುದಿನದ ಕಾಳಿನ ಜೊತೆಗೆ.
ನನ್ನ ಮೀನಖಂಡ ಇವತ್ತಿಗೂ ಬೇರೆ ಬಣ್ಣ.
ನಾನೂ ನನ್ನ ಡೆಲ್ರಾಯ್‌ನನ್ನು ಬಗ್ಗಿಸಿದೆ.
ಈಗವನು ಮಾಂಟೆಗೊ ಬೇಯಲ್ಲಿ ಹೋಟೆಲಿನ ಹಾಸಿಗೆ ಬದಲಿಸುತ್ತಾನೆ.
ತಿಂಗಳಿಗೆ ಸರಿಯಾಗಿ ದುಡ್ಡು ಬರುತ್ತದೆ, ಮಾತು ಬರುವುದಿಲ್ಲ.
ಇದನ್ನು ಫಾರಂನಲ್ಲಿ ಕೇಳುವುದಿಲ್ಲ.

ತರಬೇತಿಯಲ್ಲಿ ಹೇಳಿಕೊಟ್ಟದ್ದು: ತಪ್ಪು ಹುಡುಕಬೇಡಿ,
ತಾಯಿ ಮಾಡಿದ ಒಂದು ಒಳ್ಳೆಯದನ್ನು ಹುಡುಕಿ, ಬಾಯಿಬಿಟ್ಟು ಹೇಳಿ.
ಕೆಲವು ದಿನ ಹುಡುಕುವುದಕ್ಕೇ ಅರ್ಧ ಗಂಟೆ.
"ನೋಡು, ಹೆಸರು ಹಿಡಿದು ಕರೆದೆ, ಅವನು ತಿರುಗಿದ."
ಇವಳಿಗೆ ಹುಚ್ಚು ಅನ್ನುವಂತೆ ನೋಡಿದಳು.
ಆಮೇಲೆ, ನಾನು ಚೀಲದ ಬಾಯಿ ಕಟ್ಟುತ್ತಿದ್ದಾಗ,
ಮೆಲ್ಲಗೆ ಮತ್ತೊಮ್ಮೆ ಕರೆದಳು:
ಜೆವಾನ್.
ತಿರುಗಿದ.

ಒಂಬತ್ತನೆಯ ಬುಧವಾರ ಬೊಂಬೆ ಕೊಟ್ಟೆ.
ಉಣ್ಣಿಸು, ತೂಗು, ಮಲಗಿಸು.
ಮುಚ್ಚಳದಲ್ಲಿ ಗಾಳಿ ತುಂಬಿ ತುಟಿಗೆ ಹಿಡಿದ.
ಬೊಂಬೆ ಉಣ್ಣಲಿಲ್ಲ.
ಎದ್ದ. ಪೊರಕೆಯಿಂದ ಒಂದು ಕಡ್ಡಿ ಎಳೆದ.
"ಯಾಕೆ ಹುಟ್ಟಿದೆ ನೀನು" ಅಂದ.
ಉಳಿದ ಮಾತೆಲ್ಲ ತೊದಲು, ಇದೊಂದು ಸ್ಪಷ್ಟ.
ನನ್ನ ಲಂಗದ ಹೂಗಳ ಮೇಲೆ
ಸಪ್ ಸಪ್ ಸಪ್.

ನಾನು ಏನೂ ಹೇಳಲಿಲ್ಲ. ಪುಸ್ತಕದಲ್ಲಿ ಆ ಪುಟ ಇರಲಿಲ್ಲ.
ಇಸಿಲ್ಡಾ ಅಜ್ಜಿ ಗೋಡೆ ಕಡೆ ಮಗ್ಗುಲಾದಳು.
ಟಶಾಯ್ ಕೈ ಅವಳದೇ ಬಾಯಿ ಮೇಲೆ.
ಹೊರಗೆಲ್ಲೋ ಆಡು ಕೆಮ್ಮಿತು.

ಕತೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.
ಹನ್ನೊಂದನೆಯ ಬುಧವಾರ ಮಗುವಿನ ತೊಡೆ ಮೇಲೆ ಬಾಸುಂಡೆ.
ಚಡ್ಡಿ ಸರಿಸಿ ಅವಳೇ ತೋರಿಸಿದಳು.
"ಬರೆದುಕೋ. ಹಿಟ್ಟು ಚೆಲ್ಲಿದ. ಸಾಲದ ಹಿಟ್ಟು."
ಬರೆದುಕೊಂಡೆ. ಬರೆಯಲೇಬೇಕು.
ಪೆನ್ನು ಮುಚ್ಚಿದ ಮೇಲೆ
ಲಂಗ ಎತ್ತಿ ನನ್ನ ಕಾಲು ತೋರಿಸಿದೆ.
ತುಂಬ ಹೊತ್ತು ನೋಡಿದಳು, ನಕ್ಷೆ ನೋಡುವ ಹಾಗೆ.
"ಕೈ ಎದ್ದಾಗ ಹೊರಗೆ ನಡೆ. ನೀರಿನ ಪೀಪಾಯಿ ತನಕ. ಹತ್ತು ಎಣಿಸು."
"ಹತ್ತು ಸಾಲದು."
"ಮತ್ತೆ ಒಂದರಿಂದ."

ಇವತ್ತು ಹದಿನಾಲ್ಕನೆಯದು.
ಬರಲು ಮೊಳೆಯಲ್ಲೇ ಇದೆ, ಸುಳ್ಳು ಯಾಕೆ ಹೇಳಲಿ.
ಜೆವಾನ್ ಎಣ್ಣೆ ಬಾಟಲಿ ಉರುಳಿಸಿದ.
ಟಶಾಯ್ ಎದ್ದಳು. ಮೊಳೆ ಕಡೆ ನೋಡಿದಳು.
ಬಾಗಿಲು ಹಾರುಹೊಡೆದು ಹೋದಳು.
ತಗಡಿನಾಚೆ ಪೀಪಾಯಿಗೆ ಬೆರಳು ಬಡಿವ ಸದ್ದು:
ಒಂದು. ಎರಡು. ಮೂರು.
ಏಳಕ್ಕೆ ನಿಂತಳು. ನನ್ನ ಉಸಿರೂ.
ಮತ್ತೆ ಒಂದರಿಂದ.

ಒಳಗೆ, ಎಣ್ಣೆಯ ನಡುವೆ ಕೂತ ಹುಡುಗ
ಒಂದೊಂದೇ ಮುಚ್ಚಳ ಸರಿಸುತ್ತ
ಗೋಡೆಗೆ ಕಿವಿಗೊಟ್ಟು, ಅಮ್ಮನ ಹಿಂದೆಯೇ,
ಎಲಡು ಅನ್ನುತ್ತಿದ್ದಾನೆ.
ಮೂಲು.