ಕಾಣೆಯಾದ ಚುಕ್ಕಿಗಳು

ಮಾಂಟ್ರಿಯಲ್, ಫೆಬ್ರವರಿ. ಕಪ್ಪು ಚಾಪೆಯ ಸುತ್ತ ನಲವತ್ತು ಕ್ಯಾಮೆರಾ,
ನಡುವೆ ಮೈತುಂಬ ಬಿಳಿ ಚುಕ್ಕಿ ಅಂಟಿಸಿಕೊಂಡ ಇಬ್ಬರು:
ದಾಗೆಸ್ತಾನದ ಗಾಜಿಯಾವ್, ನಮ್ಮೂರಿನವನೇ ತಿಬೋ.

ಗುದ್ದು ಸುಲಭ. ಒದೆ ಇನ್ನೂ ಸುಲಭ.
ನಡುವೆ ಗಾಳಿಯಾಡುವ ತನಕ ಯಂತ್ರಕ್ಕೆ ಎಲ್ಲ ಕಾಣುತ್ತದೆ.
ಕುತ್ತಿಗೆಗೆ ಕೈ ಬಿದ್ದು, ಕಂಕುಳಲ್ಲಿ ತೋಳು ತೂರಿ
ಎದೆಗೆ ಎದೆ ಕಚ್ಚಿಕೊಂಡಿತೋ,
ಚುಕ್ಕಿ ಒಂದೊಂದೇ ಆರುತ್ತವೆ.
ಪರದೆಯಲ್ಲಿ ಉಳಿಯುವುದು ಎರಡು ಬೆನ್ನು.

ರಾತ್ರಿ ನನ್ನ ಕೆಲಸ ಅದೇ:
ಕಾಣೆಯಾದ ಮೊಣಕೈ ಎಲ್ಲಿತ್ತೆಂದು ಊಹಿಸಿ
ಫ್ರೇಮು ಫ್ರೇಮಿಗೂ ಕೈಯಾರೆ ಚುಕ್ಕಿ ಇಡುವುದು.
ಆಡುವವರು ಗುಂಡಿ ಒತ್ತಿದರೆ ಬಿಗಿ, ಬಿಟ್ಟರೆ ಸಡಿಲ;
ಅಷ್ಟು ಸಾಕು, ಅನ್ನುತ್ತಾರೆ ಮೇಲಿನವರು.

ಸಾಲದು ಅಂದ ಗಾಜಿಯಾವ್,
ನನ್ನ ಕುರ್ಚಿಯ ಹಿಂದೆ ನಿಂತು, ಮುದುಡಿದ ಕಿವಿ ತುರಿಸಿಕೊಳ್ಳುತ್ತ.
"ಇಲ್ಲಿ ನಾನು ತಳ್ಳುತ್ತಿಲ್ಲ, ಎಲೋಡಿ. ಒರಗಿದ್ದೇನೆ.
ಅವನ ಉಸಿರು ಎಣಿಸುತ್ತಿದ್ದೇನೆ.
ಅವನು ಬಿಟ್ಟಾಗಲೆಲ್ಲ ನಾನು ಬೆರಳಷ್ಟು ಒಳಗೆ."

ಹುಡುಕಿದೆ. ಉಸಿರಿಗೆ ನಾವು ಚುಕ್ಕಿ ಅಂಟಿಸಿರಲಿಲ್ಲ.

"ಬಾ" ಅಂದ.
ಕ್ಯಾಮೆರಾ ಆರಿದ ಖಾಲಿ ಚಾಪೆಯ ಮೇಲೆ
ಹಣೆಗೆ ಹಣೆ ಇಟ್ಟ,
ಮೆಲ್ಲಗೆ, ಬಾಗಿಲು ಮುಚ್ಚುವವನ ಹಾಗೆ.

ಈಗ ಆ ಎಪ್ಪತ್ತೊಂದು ಫ್ರೇಮು ಸರಿಯಾಗಿವೆ.
ಎಡ ಪಕ್ಕೆ ಇನ್ನೂ ನೋಯುತ್ತದೆ,
ಉಸಿರು ಬಿಟ್ಟಾಗ.