ನಡವಳಿಗೆ ಬಾರದ್ದು

ನಾನು ಬರೆಯುವವನು. ಆಲ್ಡೆಸೀಲ್ ಪುರಸಭೆಯಲ್ಲಿ
ಇಪ್ಪತ್ತಾರು ವರ್ಷದಿಂದ, ಯಾರು ಏನಂದರು, ಅಷ್ಟೇ.
ಯಾರು ಕೆಮ್ಮಿದರು, ಯಾರ ಕಾಲು ಮೇಜಿನಡಿ ನಡುಗಿತು,
ಅದಕ್ಕೆಲ್ಲ ನಮೂನೆಯಲ್ಲಿ ಕಾಲಂ ಇಲ್ಲ.

ಹಿಸ್ಕೆ ಮೊದಲ ದಿನ ಬಂದದ್ದು ಒದ್ದೆ ತಲೆಯಲ್ಲಿ.
ಇಪ್ಪತ್ತೆರಡು ವಯಸ್ಸು. ಅಭ್ಯಾಸದಲ್ಲಿ ಕೈಜಾರಿ
ಕಾಲುವೆಗೆ ಬಿದ್ದೆ ಅಂದಳು, ನಕ್ಕಳು.
ಕುರ್ಚಿಯ ಕೆಂಪು ಮೆತ್ತೆಯ ಮೇಲೆ ಪಾಚಿಯ ಒಂದೆಳೆ ಉಳಿಯಿತು.

ನಮ್ಮ ಫ್ರೀಸ್‌ಲ್ಯಾಂಡಿನಲ್ಲಿ ಅದೊಂದು ಆಟ:
ಓಡಿ ಬಂದು, ನೀರ ನಡುವೆ ನೆಟ್ಟಗೆ ನಿಂತ ಉದ್ದದ ಕೋಲಿಗೆ
ಹಾರಿ, ತಬ್ಬಿ,
ಅದು ಆಚೆ ದಡಕ್ಕೆ ವಾಲುವಷ್ಟರಲ್ಲಿ ಸರಸರ ತುದಿಗೇರಬೇಕು.
ಏರಿದಷ್ಟೂ ದೂರ ಬೀಳುತ್ತೀರಿ, ಮರಳಿನಲ್ಲಿ.
ನಿಂತರೆ ನೀರು.

ಆ ವರ್ಷದ ಠರಾವು:
ಎತ್ತುಸೇತುವೆಯ ಊಬೆಲೆಯ ಹುದ್ದೆ ರದ್ದು.
ದೋಣಿ ಬಂದರೆ ಗಂಟೆ ಹೊಡೆದು, ಸರಪಳಿ ಎಳೆದು,
ಗಾಳದ ಕೋಲಿಗೆ ಕಟ್ಟಿದ ಮರದ ಮೆಟ್ಟು ಕೆಳಗಿಳಿಸಿ
ಸುಂಕ ಕೇಳುವವನು.
ಲೆಕ್ಕಾಧಿಕಾರಿ ಓದಿದರು: ಬೇಸಿಗೆಗೆ ದಿನಕ್ಕೆ ಒಂಬತ್ತು ದೋಣಿ,
ಚಳಿಗಾಲಕ್ಕೆ ಸೊನ್ನೆ.
ಹಿಸ್ಕೆ ಎದ್ದಳು. ಡಚ್ಚಿನಲ್ಲಲ್ಲ,
ಅಡುಗೆಮನೆಯಲ್ಲಿ ಆಡುವ ನಮ್ಮ ಫ್ರೀಸಿಯನ್ನಿನಲ್ಲಿ:
"ಆ ಗೂಡಿನ ದೀಪ ನೋಡಿಕೊಂಡೇ ನಮ್ಮಮ್ಮ
ಸೈಕಲ್ಲಲ್ಲಿ ರಾತ್ರಿಪಾಳಿಗೆ ಹೋಗುತ್ತಾಳೆ.
ಅದನ್ನು ಯಾವ ಅಂಕಿಯಲ್ಲಿ ಬರೆದಿದ್ದೀರಿ?"
ಒಂಬತ್ತಕ್ಕೆ ಎಂಟು. ಊಬೆಲೆ ಉಳಿದ.
ನಾನದನ್ನು ಅವಳ ನುಡಿಯಲ್ಲೇ ಬರೆದೆ.
ಕಾನೂನು ಒಪ್ಪುತ್ತದೆ; ರೂಢಿ ಇರಲಿಲ್ಲ.

ಆಮೇಲೆ ಏರಿದಳು. ತಪ್ಪೇನು, ಕೋಲು ವಾಲುತ್ತಿತ್ತು.
ಪಕ್ಷದ ಪಟ್ಟಿಯಲ್ಲಿ ಹನ್ನೆರಡು, ಐದು, ಎರಡು.
ಬೆಳಗಿನ ಐದಕ್ಕೆ ಡೈರಿಯ ಗೇಟಿನಲ್ಲಿ ಕರಪತ್ರ,
ಮೈತ್ರಿಯ ಮಾತುಕತೆಯಲ್ಲಿ ತಣ್ಣಗಾದ ಬಟಾಣಿ ಸಾರು,
ಯೆಲ್ಮರ್ ಒಬ್ಬನೇ ಹಾಯಿದೋಣಿಯಲ್ಲಿ ಕಳೆದ ಎರಡು ಬೇಸಿಗೆ,
ಮೂರನೆಯ ಬೇಸಿಗೆಯಲ್ಲಿ ಅವನ ಜೊತೆ ಬೇರೆ ಯಾರೋ.
"ಬೇಡ" ಅನ್ನುತ್ತಿದ್ದವಳು "ಸದ್ಯಕ್ಕೆ ಬೇಡ" ಅಂದಳು.
ಮತ್ತೆ "ಪರಿಶೀಲಿಸಲಾಗುವುದು."
ಕರ್ತೃವಿಲ್ಲದ ಆ ಕ್ರಿಯಾಪದವನ್ನು
ಈ ಪ್ರಾಂತ್ಯದಲ್ಲಿ ನನ್ನಷ್ಟು ಬರೆದವರಿಲ್ಲ.
ಅದು ಬಾಯಿಗೆ ಸಲೀಸಾದ ದಿನ ನನಗೆ ಗೊತ್ತಾಗುತ್ತದೆ,
ಇವರು ಇಲ್ಲಿ ಇನ್ನು ಬಹಳ ದಿನ ಇರುವವರಲ್ಲ.

ಇಪ್ಪತ್ತೊಂಬತ್ತಕ್ಕೆ ಲ್ಯೂವಾರ್ಡನ್. ಸಾರಿಗೆ ಖಾತೆ.

ಹೋದ ನವೆಂಬರಿನ ಪತ್ರದ ಕೆಳಗೆ ಅವಳ ಸಹಿ.
ಇಪ್ಪತ್ತಮೂರು ಸೇತುವೆ, ಒಂದು ಕೋಣೆ, ನಾಲ್ಕು ಪರದೆ.
ಕ್ಯಾಮೆರಾ ನೋಡುತ್ತದೆ, ಗುಂಡಿ ಎತ್ತುತ್ತದೆ.
ವಿವರಿಸಲು ತಾನೇ ಬಂದಳು. ಬೇರೆಯವರಾದರೆ ಗುಮಾಸ್ತನನ್ನು ಕಳಿಸುತ್ತಿದ್ದರು.
ಉಳಿದ ದುಡ್ಡಿನಲ್ಲಿ ರಾತ್ರಿ ಬಸ್ಸು ಓಡುತ್ತದೆ ಅಂದಳು,
ಡಚ್ಚಿನಲ್ಲಿ.
ಅದೂ ನಿಜ. ಅವಳಮ್ಮನ ಪಾಳಿಯವರು ಈಗ
ಸೈಕಲ್ ಬಿಟ್ಟು ಆ ಬಸ್ಸಿನಲ್ಲೇ ಹೋಗುತ್ತಾರೆ.
ಹಿಂದಿನ ಸಾಲಿನಿಂದ ಯಾರೋ,
"ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು!"
ಊಬೆಲೆ ತಿರುಗಿ, ಸುಮ್ಮನಿರು ಅಂತ ಕಣ್ಣಲ್ಲೇ ಗದರಿದ.
ಅದಕ್ಕೂ ಕಾಲಂ ಇಲ್ಲ. ಕಾಫಿಗೂ ಕಾಯದೆ ಎದ್ದು ಹೋದ.
ಒಂಬತ್ತೂ ನಲವತ್ತಕ್ಕೆ ಸಭೆ ಮುಕ್ತಾಯ.

ಅವಳ ಕಾರು ಹೊರಟಾಗ ಸೇತುವೆ ಎದ್ದು ನಿಂತಿತ್ತು.
ಕೆಂಪು ದೀಪ. ನೀರಲ್ಲಿ ದೋಣಿ ಇಲ್ಲ,
ಒಂದು ಬಾತುಕೋಳಿಯೂ ಇಲ್ಲ.
ಹಾರ್ನ್ ಹೊಡೆಯಲಿಲ್ಲ ಅವಳು. ಎಂಜಿನ್ ಆರಿಸಿ ಇಳಿದು
ದಡದಂಚಿಗೆ ಬಂದು, ಕಾಲುವೆಯ ಅಗಲವನ್ನು
ಕಣ್ಣಲ್ಲೇ ಒಂದು ಸಲ ಅಳೆದಳು. ಹಳೆಯ ಚಾಳಿ.
ನಾನು ಹಿಂದೆ, ಸೈಕಲ್ ಹಿಡಿದು.
ಹನ್ನೊಂದು ನಿಮಿಷ. ಗಡಿಯಾರ ನೋಡುವುದು ನನ್ನ ಚಾಳಿ.
ಕತ್ತಲಿಂದ ಆ ಮರದ ಮೆಟ್ಟು ತೂಗಾಡುತ್ತ ಬಂದು
ಅವಳ ಎದೆಯೆತ್ತರಕ್ಕೆ ನಿಂತಿತು.
ಕೋಟಿನ ಜೇಬೆಲ್ಲ ತಡವಿದಳು, ಬರೀ ಕಾರ್ಡುಗಳು.
ನನ್ನ ಕಡೆ ತಿರುಗಿ, ಅಡುಗೆಮನೆಯ ನುಡಿಯಲ್ಲಿ,
"ಎರಡು ಯೂರೋ ಇದೆಯಾ?"

ಸಭೆ ಮುಗಿದ ಮೇಲಿನದು ನಡವಳಿಗೆ ಬಾರದು.
ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.
ಎರಡು ಯೂರೋ ಇನ್ನೂ ಬರಬೇಕು.