ಗಂಟು ಜಾರಿದ ಕಡೆ

ಬೈತಖೋಲದ ಕಾಂಕ್ರೀಟಿನ ಮೇಲೆ
ಶಾಂತಾರಾಮ ಮಾಮಾನ ಹಳೇ ಎಂಡಿ ಬಲೆ ಹರವಿದ್ದೇನೆ.
ರುಕ್ಮಾ ಮಾಮಿಗೆ ಹಾಗಲ ಬಳ್ಳಿಯ ಸುತ್ತ ಕಟ್ಟಲು
ಒಂದು ತುಂಡು ಬೇಕಂತೆ, ದನ ನುಗ್ಗದ ಹಾಗೆ.
ಎಲ್ಲಿ ಕೊಯ್ಯಲಿ ಎಂದು ಕತ್ತರಿ ಹಿಡಿದು ಕೂತವನು
ಕೊಯ್ಯುವುದು ಬಿಟ್ಟು ಓದತೊಡಗಿದೆ.

ಹೆಣೆದವರ ಕೈ ನಮಗೆ ಗೊತ್ತಾಗುತ್ತದೆ,
ಪೋಸ್ಟಮನ್‌ಗೆ ಅಕ್ಷರ ಗೊತ್ತಾಗುವ ಹಾಗೆ.

ಈ ತುದಿ ಮಾಮಾನ ಮೂವತ್ತನೆಯ ವರ್ಷ.
ಎಲ್ಲ ಕಣ್ಣೂ ಒಂದೇ ಅಳತೆ,
ಉಗುರು ಹಾಕಿ ಎಳೆದರೂ ಗಂಟು ಕದಲದು.
ಆಗ ಅವನ ಕುಡಿತ ಏಪ್ರಿಲ್ ತಿಂಗಳದ್ದು.
ಗೇರುಹಣ್ಣಿನ ಕಾಲಕ್ಕೆ ಪೋಳೆಂನಿಂದ ಯಾರೋ ತರುವ ಉರಾಕ್,
ಲಿಂಬೆ ಹಿಂಡಿ, ಹಸಿಮೆಣಸು ಸೀಳಿ ಹಾಕಿ,
ನಗುತ್ತ ಎರಡು ಗ್ಲಾಸು.
ಆಮೇಲೆ ಮೇ, ಆಮೇಲೆ ಏನೂ ಇಲ್ಲ.
ನನಗೆ ಹನ್ನೊಂದು.
ಸೂಜಿಗೆ ನೂಲು ಸುತ್ತಿಕೊಡುವುದು ನನ್ನ ಕೆಲಸ.

ಒಂದು ಮಾರು ಆಚೆ ನೂಲಿನ ಬಣ್ಣ ಬೇರೆ.
ಬೋಟು ಬಂದ್ ಇರುವ ತಿಂಗಳುಗಳ ಕೆಲಸ ಅದು.
ಶೆಡ್ಡಿನೊಳಗೆ ತಗಡಿನ ಸದ್ದು, ಬಲೆ, ಮಾಮಾ.
ಸಂಜೆ ಆರಕ್ಕೆ ಒಂದು ಕ್ವಾರ್ಟರ್, ಬೆನ್ನುನೋವಿಗೆ.
ಬೋಟುಗಳು ಮತ್ತೆ ನೀರಿಗಿಳಿದ ಮೇಲೂ
ದಿನಾ ಆರು ಗಂಟೆ ಆಗುತ್ತಲೇ ಇತ್ತು.
ಗಂಟು ಇನ್ನೂ ಗಟ್ಟಿ.
"ಇವನಿಗೆ ಏರುವುದೇ ಇಲ್ಲ ಮಾರಾಯ,
ಎಷ್ಟು ಕುಡಿದರೂ ಒಂದು ಕಣ್ಣು ತಪ್ಪುವುದಿಲ್ಲ"
ಎಂದು ಬಂದರೆಲ್ಲ ಹೊಗಳಿತು. ನನಗೂ ಹೆಮ್ಮೆ.
ಎರಡು ಗ್ಲಾಸಿನ ಆ ನಗೆಗೆ ಈಗ ಆರು ಬೇಕು,
ಅದನ್ನು ಯಾರೂ ಎಣಿಸಲಿಲ್ಲ.

ಮುಂದಿನ ಹರಕು ಕಟ್ಟಿದ್ದು ಬೆಳಿಗ್ಗೆ.
ಇಲ್ಲಿ ನೋಡಿ, ಮೂರು ಕಣ್ಣು ಸಡಿಲ,
ಆಮೇಲೆ ಇದ್ದಕ್ಕಿದ್ದಂತೆ ನೆಟ್ಟಗೆ.
ನಡುವೆ ಎದ್ದು ಹೋಗಿ ಬಂದಿದ್ದಾನೆ,
ಐಸ್ ಫ್ಯಾಕ್ಟರಿಯ ಹಿಂದೆ, ಡೀಸೆಲ್ ಕ್ಯಾನುಗಳ ಮರೆಗೆ.
ಕೈ ನಡುಗಿಸಿದ್ದೂ ಅದೇ, ನಿಲ್ಲಿಸಿದ್ದೂ ಅದೇ.
ಮೊದಲು ಖುಷಿಗೆ, ಆಮೇಲೆ ಬೆನ್ನಿಗೆ,
ಈಗ ಬರೀ ಸೂಜಿ ಹಿಡಿಯುವುದಕ್ಕೆ.
ಸೀಸದ ಗುಂಡಿನ ಡಬ್ಬಿಯಲ್ಲಿ ಸೀಸೆ ಇತ್ತು.
ನಾನು ನೋಡಿದೆ.
ನಾನು ನೋಡಿದ್ದನ್ನು ಅವನು ನೋಡಿದ.
ಇಬ್ಬರೂ ಬಲೆ ನೋಡಿದೆವು.

ಇಲ್ಲೊಂದು ಹರಕು ಹಾಗೇ ಉಳಿದಿದೆ. ಅದು ಶ್ರಾವಣ.
ಮಾಮಿಯ ತಲೆ ಮುಟ್ಟಿ ಆಣೆಯಿಟ್ಟು ಬಿಟ್ಟ, ಒಮ್ಮೆಲೇ.
ಮೂರನೆಯ ರಾತ್ರಿ ಗೋಡೆ ತುಂಬ ಕುರ್ಲಿ ಹರಿದಾಡುತ್ತಿವೆ ಎಂದು
ಚಾದರ ಕೊಡವಿದ, ಬೆವರಿದ,
ಹಲ್ಲು ಕಚ್ಚಿ, ಕಟ್ಟಿಗೆಯ ಹಾಗೆ ಸೆಟೆದು ಬಿದ್ದ.
ರಿಕ್ಷಾದಲ್ಲಿ ದೊಡ್ಡಾಸ್ಪತ್ರೆಗೆ ಒಯ್ದೆವು.
ಡಾಕ್ಟರ್ ಬಾಯಿ ಬೈಯಲಿಲ್ಲ.
"ಇಷ್ಟು ವರ್ಷದ್ದನ್ನು ಮನೆಯಲ್ಲಿ ಹೀಗೆ ಬಿಡಬಾರದು,
ಇಲ್ಲಿಗೆ ಬಂದು ಬಿಡಬೇಕಿತ್ತು" ಎಂದರು.
ಮಾಮಿ ತನ್ನ ತಲೆಯನ್ನೇ ಮುಟ್ಟಿ ನೋಡಿಕೊಂಡಳು,
ತಪ್ಪು ಅಲ್ಲೇ ಇದೆಯೇನೋ ಎಂಬಂತೆ.

ಆಮೇಲಿನ ಎಂಟು ತಿಂಗಳು, ಇದೋ, ಒಂದು ಗೇಣು.
ಒಂದನೇ ಕ್ಲಾಸಿನ ಹುಡುಗನ ಕಾಪಿಯಂಥ ಗಂಟುಗಳು.
ಆಮೇಲೆ ಸದಾಶಿವಗಡದಲ್ಲೊಂದು ಮದುವೆ. ಒಂದೇ ಗ್ಲಾಸು.
ಶುರುವಾದರೂ ಏಪ್ರಿಲ್ಲಿನಿಂದ ಶುರುವಾದೀತು,
ಇನ್ನೂ ಎಷ್ಟೋ ಮಳೆಗಾಲ ಇದೆ, ಎಂದುಕೊಂಡಿದ್ದೆವು.
ಬಿಟ್ಟ ಜಾಗದಿಂದಲೇ ಹಿಡಿದುಕೊಂಡಿತು.
ಹದಿನೈದು ದಿನಕ್ಕೆ ಮತ್ತೆ ಡೀಸೆಲ್ ಕ್ಯಾನುಗಳ ಮರೆ.

ಉಳಿದದ್ದು ಓದಲಾಗದು. ಕಣ್ಣಲ್ಲ, ತೂತು.
ಬಂಗಡೆ ಇರಲಿ, ಬೀದಿನಾಯಿಯೇ ದಾಟಬಹುದು.
ಈ ಕಡೆಯದು ಕೊಟ್ಟರೆ ಮಾಮಿಯ ಹಾಗಲ ಉಳಿದ ಹಾಗೇ.
ಮೂವತ್ತನೆಯ ವರ್ಷದ ತುದಿಯಿಂದ ಕೊಯ್ದೆ.
ಕತ್ತರಿ ಎರಡು ಸಲ ಜಾರಿತು, ಅಷ್ಟು ಬಿಗಿ.

ಮಾಮಾ ಪಕ್ಕದಲ್ಲೇ ಕೂತಿದ್ದಾನೆ,
ಕಾಲು ಊದಿಕೊಂಡು, ಗುರುವಾರದ ಚೀಟಿ ಜೇಬಿನಲ್ಲಿ.
ಸೂಜಿಗೆ ನೂಲು ಸುತ್ತಿಕೊಡುವುದು ಈಗ ಅವನ ಕೆಲಸ.
ಸುತ್ತುತ್ತಾನೆ, ಬಿಚ್ಚುತ್ತಾನೆ, ಮತ್ತೆ ಸುತ್ತುತ್ತಾನೆ.
ನಾನು ಅವಸರ ಮಾಡುವುದಿಲ್ಲ.

"ಗಂಟೆ ಎಷ್ಟಾಯ್ತೋ?"

ಐದೂ ಮುಕ್ಕಾಲು.
ಸೂಜಿ ಕೊಡು ಮಾಮಾ, ಅನ್ನುತ್ತೇನೆ.